ಹ್ಯಾಟೆಯನ್ನು ಸಂತೆಗೆ ಒಯ್ಯುವ ಮುನ್ನ

ಮಕ್ಕಳೇ, ನಿಮ್ಮ ಮನೆಯ ಹಿತ್ತಿಲಲ್ಲಿ ಕೋಳಿಗಳಿವೆಯೇ? ನಿಮ್ಮ ಮನೆಯಲ್ಲಿ ಇಲ್ಲದಿದ್ದರೂ ಅಕ್ಕಪಕ್ಕದ ಮನೆಯಲ್ಲಿ ಇರಬಹುದು. ಹಾಗಿದ್ದರೆ ಈ ಮಾತನ್ನು ನೀವು ಒಮ್ಮೆಯಾದರೂ ಕೇಳಿರುತ್ತೀರಿ: "ಆರು ತಿಂಗಳಾಯ್ತು, ಒಂದು ಮೊಟ್ಟೆ ಕಂಡಿಲ್ಲ. ಈಗೀಗ ತಿನ್ನೋದು ಬೇರೆ ಜಾಸ್ತಿ. ಮನೆಯೊಳಗೆಲ್ಲ ನುಗ್ಗುತ್ತೆ. ಬರೋ ಸಂತೆಗೆ ಕೊಟ್ಟುಬಿಡೋಣ."

ಹೀಗೆ ಹೇಳುವ ಹಿರಿಯರನ್ನು ನಾನು ದೂರುವುದಿಲ್ಲ. ಕಾಳು ಪುಕ್ಕಟೆ ಬರುವುದಿಲ್ಲ. ಕೈಯಲ್ಲಿ ದುಡ್ಡಿಲ್ಲದಾಗ ಕೋಳಿ ಮಾರಿ ನಿಮಗೆ ನೋಟ್ ಪುಸ್ತಕ ತಂದುಕೊಟ್ಟಿರಲೂಬಹುದು. ಆದರೆ ಆ ಮಾತಿನಲ್ಲಿ ಒಂದು ವಿಚಿತ್ರ ಅಡಗಿದೆ. ಜಾಸ್ತಿ ತಿನ್ನುವುದು, ಮನೆಯೊಳಗೆ ನುಗ್ಗುವುದು ಇವೆಲ್ಲ ಕೋಳಿಯ ಮೇಲಿನ ದೂರುಗಳು ಅಲ್ಲವೇ? ಈ ದೂರುಗಳೇ ಅದು ಇನ್ನು ಕೆಲವೇ ದಿನಗಳಲ್ಲಿ ಮೊಟ್ಟೆ ಇಡುತ್ತದೆ ಎನ್ನುವುದಕ್ಕೆ ಸಾಕ್ಷಿಗಳಾಗಿರಬಹುದು! ಆ ಸಾಕ್ಷಿಗಳನ್ನು ಓದಲು ನೀವು ಕಲಿಯಬೇಕು, ಮಾರುವ ಮಾತು ಬಂದಾಗ ನಿಮ್ಮ ಮಾತನ್ನೂ ಮನೆಯವರು ಕೇಳಬೇಕು ಎನ್ನುವುದು ನನ್ನ ಅಭಿಪ್ರಾಯ. ಬೆಳಿಗ್ಗೆ ಕೋಳಿ ಬಿಡುವವರು, ಸಂಜೆ ಮುಚ್ಚುವವರು ಬಹಳ ಮನೆಗಳಲ್ಲಿ ನೀವೇ ತಾನೇ?

ಮೊಟ್ಟೆ ಇಡುವ ವಯಸ್ಸಿಗೆ ಬರುತ್ತಿರುವ ಎಳೆಯ ಹೆಣ್ಣುಕೋಳಿಯನ್ನು ಹಳೇ ಮೈಸೂರಿನ ಕಡೆ ಹ್ಯಾಟೆ ಎನ್ನುವುದುಂಟು. ಉತ್ತರ ಕರ್ನಾಟಕದಲ್ಲಿ ಮೊಟ್ಟೆಗೇ ತತ್ತಿ ಎನ್ನುತ್ತಾರೆ. ಎಳೆಯ ಕೋಳಿಗೆ ನಿಮ್ಮ ಊರಿನಲ್ಲಿ ಏನು ಹೆಸರಿದೆ ಎಂದು ಅಜ್ಜಿಯನ್ನು ಕೇಳಿ ನೋಡಿ. ಈ ಲೇಖನದಲ್ಲಿ ನಾನು ಹ್ಯಾಟೆ ಎಂದೇ ಬರೆಯುತ್ತೇನೆ.

ಮೊದಲು ಈ "ಆರು ತಿಂಗಳ" ಲೆಕ್ಕವನ್ನು ನೋಡೋಣ. ದೊಡ್ಡ ಫಾರಂಗಳಲ್ಲಿ ಮೊಟ್ಟೆಗಾಗಿಯೇ ಸಾಕುವ ಲೆಗ್‌ಹಾರ್ನ್ ತಳಿಯ ಬಿಳಿ ಕೋಳಿಗಳು 18ರಿಂದ 20 ವಾರಕ್ಕೆ ಮೊಟ್ಟೆ ಇಡತೊಡಗುತ್ತವೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಗೆ ಸುಮಾರು ಐದೂವರೆ ತಿಂಗಳು ಬೇಕು. ನಮ್ಮ ನಾಟಿ ಕೋಳಿಗೆ ಆರೇಳು ತಿಂಗಳು, ಮೇವು ಸಾಲದಿದ್ದರೆ ಇನ್ನೂ ಹೆಚ್ಚು. ಒಂದೇ ಕಾವಿನಲ್ಲಿ ಹುಟ್ಟಿದ ಅಕ್ಕತಂಗಿಯರಲ್ಲೂ ಎರಡು ಮೂರು ವಾರ ಹಿಂದೆಮುಂದೆ ಆಗುವುದುಂಟು. ನಿಮ್ಮ ತರಗತಿಯ ಮಕ್ಕಳೆಲ್ಲ ಒಂದೇ ತಿಂಗಳಲ್ಲಿ ಎತ್ತರವಾಗುತ್ತಾರೆಯೇ? ಇಲ್ಲ. ಇನ್ನು ಸಂತೆಯಿಂದ ತಂದ ಮರಿಯಾದರೆ ಅದರ ವಯಸ್ಸು ಹೇಳುವವರೇ ಇಲ್ಲ. ಕೋಳಿಗೆ ಜನನ ಪ್ರಮಾಣಪತ್ರ ಇರುವುದಿಲ್ಲವಲ್ಲ! ಹೀಗಾಗಿ ತಿಂಗಳ ಲೆಕ್ಕ ಒಂದು ಅಂದಾಜು ಮಾತ್ರ. ಹ್ಯಾಟೆಯ ಮೈ ಮತ್ತು ನಡತೆ ಅದಕ್ಕಿಂತ ಚೆನ್ನಾಗಿ ವಿಷಯ ಹೇಳುತ್ತವೆ.

ಎಲ್ಲಕ್ಕಿಂತ ಬೇಗ ಕಣ್ಣಿಗೆ ಬೀಳುವುದು ತಲೆಯ ಮೇಲಿನ ಜುಟ್ಟು. ಮೂರು ನಾಲ್ಕು ತಿಂಗಳ ಹ್ಯಾಟೆಯ ಜುಟ್ಟು ಚಿಕ್ಕದು. ಬಣ್ಣ ಮಾಸಲು ಗುಲಾಬಿ, ಕೆಲವದರಲ್ಲಿ ಹಳದಿ ಛಾಯೆ. ಮುಟ್ಟಿದರೆ ಒಣಗಿದಂತಿರುತ್ತದೆ. ಮೊಟ್ಟೆಯ ಕಾಲ ಹತ್ತಿರವಾದಂತೆ ಅದು ದಪ್ಪವಾಗುತ್ತದೆ, ಅಗಲವಾಗುತ್ತದೆ, ಹೊಳೆಯುವ ಕೆಂಪಿಗೆ ತಿರುಗುತ್ತದೆ. ಗದ್ದದ ಕೆಳಗೆ ನೇತಾಡುವ ತೊಗಲೂ ಹಾಗೆಯೇ. ಮುಖವೂ ಕೆಂಪೇರುತ್ತದೆ. ಹೊರಗೆ ಕಾಣುವ ಈ ಬಣ್ಣಕ್ಕೆ ಕಾರಣ ಒಳಗಿದೆ. ಹ್ಯಾಟೆಯ ಹೊಟ್ಟೆಯೊಳಗೆ ಅಂಡಾಶಯ ಎಚ್ಚರಗೊಂಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡತೊಡಗಿರುತ್ತದೆ. ಅವುಗಳ ಪ್ರಭಾವದಿಂದ ಜುಟ್ಟು ಬೆಳೆದು ಅಲ್ಲಿಗೆ ರಕ್ತದ ಹರಿವು ಹೆಚ್ಚುತ್ತದೆ. ಒಂದು ತಮಾಷೆ ಕೇಳಿ. ಹೆಚ್ಚಿನ ಪ್ರಾಣಿಗಳಲ್ಲಿ ಅಂಡಾಶಯ ಎರಡೂ ಕಡೆ ಇರುತ್ತದೆ. ಕೋಳಿಯಲ್ಲಿ ಎಡಗಡೆಯದು ಮಾತ್ರ ಬೆಳೆದು ಕೆಲಸ ಮಾಡುತ್ತದೆ. ಬಲಗಡೆಯದು ಮರಿಯಾಗುವ ಮೊದಲೇ ಬೆಳವಣಿಗೆ ನಿಲ್ಲಿಸಿಬಿಟ್ಟಿರುತ್ತದೆ.

ಆ ಎಡಗಡೆಯ ಅಂಡಾಶಯದಲ್ಲಿ ಸಾವಿರಾರು ಪುಟ್ಟ ಅಂಡಾಣುಗಳಿರುತ್ತವೆ. ಅವುಗಳಲ್ಲಿ ಕೆಲವು ಒಂದರ ಹಿಂದೆ ಒಂದರಂತೆ ಹಳದಿ ಭಂಡಾರವನ್ನು ತುಂಬಿಕೊಂಡು ಉಬ್ಬತೊಡಗುತ್ತವೆ. ಸಾಸಿವೆ ಕಾಳಿನಷ್ಟಿದ್ದದ್ದು ನಾವು ಮೊಟ್ಟೆಯಲ್ಲಿ ಕಾಣುವ ದೊಡ್ಡ ಹಳದಿ ಉಂಡೆಯಾಗಲು ಕೊನೆಯ ಒಂದು ವಾರ ಹತ್ತು ದಿನ ಸಾಕು. ಮನೆಯಲ್ಲಿ ಕೋಳಿ ಕೊಯ್ದಾಗ ಹೊಟ್ಟೆಯಲ್ಲಿ ದೊಡ್ಡದು ಚಿಕ್ಕದು ಹಳದಿ ಗೋಲಿಗಳ ಗೊಂಚಲು ಸಿಕ್ಕಿದ್ದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಆಗ ಅವ್ವ "ಅಯ್ಯೋ, ಮೊಟ್ಟೆ ಇಡೋ ಕೋಳಿ ಆಗಿತ್ತಲ್ಲ" ಎಂದು ಪೇಚಾಡಿರುತ್ತಾರೆ. ಆ ಗೊಂಚಲಿನ ಸುದ್ದಿಯನ್ನು ಜುಟ್ಟು ಮೊದಲೇ ಹೇಳಿತ್ತು!

ಈಗ ಎರಡನೆಯ ಸಾಕ್ಷಿಗೆ ಬರೋಣ. ಬಹಳ ಜನ ಇದನ್ನು ರೋಗವೆಂದು ತಿಳಿಯುತ್ತಾರೆ. ನಿನ್ನೆಯವರೆಗೆ ನೀವು ಹತ್ತಿರ ಹೋದರೆ ಕಿರುಚಿಕೊಂಡು ಓಡುತ್ತಿದ್ದ ಹ್ಯಾಟೆ, ಇವತ್ತು ಓಡದೆ ಕಾಲು ಮಡಚಿ, ರೆಕ್ಕೆಗಳನ್ನು ಪಕ್ಕಕ್ಕೆ ತುಸು ಅಗಲಿಸಿ, ನೆಲಕ್ಕೆ ಅಂಟಿಕೊಂಡಂತೆ ಕುಳಿತುಬಿಡುತ್ತದೆ. ಬೆನ್ನು ಸವರಿದರೂ ಏಳುವುದಿಲ್ಲ. "ಕಾಲು ಸೋತಿದೆ, ಸಾಯೋ ಮೊದಲು ಮಾರಿಬಿಡಿ" ಎಂದು ಯಾರೋ ಹೇಳುತ್ತಾರೆ. ಆದರೆ ಇದು ಕಾಲಿನ ರೋಗವಲ್ಲ. ಬೆಳೆದ ಕೋಳಿ ಹುಂಜನ ಜೊತೆ ಸೇರುವ ಕಾಲದಲ್ಲಿ ಕೂರುವ ಭಂಗಿ ಇದು. ದೇಹ ಸಿದ್ಧವಾದಾಗ ಮನುಷ್ಯರ ನೆರಳು ಮೇಲೆ ಬಿದ್ದರೂ ಹ್ಯಾಟೆ ಹಾಗೆ ಕುಳಿತುಬಿಡುತ್ತದೆ. ಹಟ್ಟಿಯಲ್ಲಿ ಹುಂಜ ಇಲ್ಲದಿದ್ದರೂ ಕೂರುತ್ತದೆ. ಮೊದಲ ಮೊಟ್ಟೆಗೆ ಒಂದೆರಡು ವಾರ ಇರುವಾಗ ಈ ನಡತೆ ಸಾಮಾನ್ಯವಾಗಿ ಕಾಣುತ್ತದೆ.

ಹಾಗಾದರೆ ರೋಗದಿಂದ ಕುಳಿತ ಕೋಳಿಯನ್ನು ಗುರುತಿಸುವುದು ಹೇಗೆ? ಸ್ವಲ್ಪ ಹೊತ್ತು ದೂರ ನಿಂತು ನೋಡಿ. ಮೊಟ್ಟೆಗೆ ಬಂದ ಹ್ಯಾಟೆ ನೀವು ಸರಿದ ಕೂಡಲೇ ಎದ್ದು, ಮೈಯನ್ನೆಲ್ಲ ಒಮ್ಮೆ ಕೊಡವಿ, ಏನೂ ಆಗಿಲ್ಲವೆಂಬಂತೆ ತಿಪ್ಪೆ ಕೆದಕಲು ಹೋಗುತ್ತದೆ. ರೋಗದ ಕೋಳಿ ಪುಕ್ಕ ಕೆದರಿಕೊಂಡು, ಕಣ್ಣು ಅರೆಮುಚ್ಚಿ, ಒಂದೇ ಮೂಲೆಯಲ್ಲಿ ತೂಕಡಿಸುತ್ತದೆ. ಅದರ ಜುಟ್ಟು ಬಿಳಿಚಿರುತ್ತದೆ ಅಥವಾ ಕಪ್ಪಾಗಿ ನೀಲಿಯಾಗಿರುತ್ತದೆ. ಅಂತಹ ಕೋಳಿಯನ್ನು ನೀವು ಮುಟ್ಟಬೇಡಿ. ಮನೆಯವರಿಗೆ ತಿಳಿಸಿ, ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಲು ಹೇಳಿ.

ಮನೆಯೊಳಗೆ ನುಗ್ಗುವ ದೂರಿಗೂ ಉತ್ತರವಿದೆ. ಹ್ಯಾಟೆ ಮೊಟ್ಟೆಗೆ ಜಾಗ ಹುಡುಕುತ್ತಿದೆ, ಅಷ್ಟೇ. ಅದಕ್ಕೆ ಕತ್ತಲಿರಬೇಕು, ಮರೆಯಿರಬೇಕು, ನಾಯಿ ಬೆಕ್ಕುಗಳ ಕಣ್ಣಿಗೆ ಬೀಳಬಾರದು. ಅಡುಗೆಮನೆಯ ಸೌದೆಯ ಸಂದಿ, ಅಟ್ಟ, ಗೊಬ್ಬರದ ಚೀಲಗಳ ಹಿಂದೆ, ಹುಲ್ಲಿನ ಮೆದೆ ಹೀಗೆ ಒಂದೊಂದನ್ನೂ ಹೊಕ್ಕು ಪರೀಕ್ಷಿಸುತ್ತದೆ. ಹೊಕ್ಕಲ್ಲಿ ಮೈಯನ್ನು ಅತ್ತಿತ್ತ ಹೊರಳಿಸಿ ಗುಳಿ ಮಾಡುತ್ತದೆ. ಹುಲ್ಲು ಕಡ್ಡಿಗಳನ್ನು ಕೊಕ್ಕಿನಿಂದ ಬೆನ್ನ ಮೇಲೆ ಎಸೆದುಕೊಳ್ಳುವುದೂ ಉಂಟು. ಬಾಯಿಯೂ ಜೋರಾಗುತ್ತದೆ. ಮೊದಲು ಕೇಳಿರದ, ಎಳೆದು ಎಳೆದು ಕೂಗುವ ಒಂದು ಹೊಸ ರಾಗ ಹೊರಡುತ್ತದೆ. ನಾವೇನು ಮಾಡುತ್ತೇವೆ? ಪೊರಕೆ ತೆಗೆದುಕೊಂಡು ಓಡಿಸುತ್ತೇವೆ! ಮನೆ ಗಲೀಜಾಗಬಾರದು ಎನ್ನುವುದು ಸರಿಯೇ. ಆದರೆ ಹೊರಗೆ ಒಂದು ಹಳೆಯ ಮಂಕರಿಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಒಣಹುಲ್ಲು ಹಾಸಿ ಮರೆಯಲ್ಲಿಟ್ಟು, ಆಮೇಲೆ ಪೊರಕೆ ಹಿಡಿಯುವುದು ನ್ಯಾಯ. ಬರಿದೇ ಓಡಿಸಿದರೆ ಅದು ಪಕ್ಕದ ಮನೆಯ ಮೆದೆ ಹುಡುಕಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಅವರಿಗೆ, ಕಾಳಿನ ಖರ್ಚು ನಿಮಗೆ!

ಇದನ್ನು ತಮಾಷೆಗೆ ಹೇಳುತ್ತಿಲ್ಲ. "ಇಡುವುದೇ ಇಲ್ಲ" ಎಂದು ಹೆಸರು ಪಡೆದ ಎಷ್ಟೋ ಕೋಳಿಗಳು ದಿನಾ ಎಲ್ಲೋ ಇಡುತ್ತಿರುತ್ತವೆ. ಆದ್ದರಿಂದ ಕೆಂಪು ಜುಟ್ಟಿನ ಹ್ಯಾಟೆಯೊಂದು ಬೆಳಿಗ್ಗೆ ಹೊತ್ತು ಕಾಣೆಯಾಗಿ, ಸ್ವಲ್ಪ ಹೊತ್ತಿನ ನಂತರ ಕೊಕ್ಕೊಕ್ಕೊಕ್ಕೋ ಎಂದು ಕೂಗುತ್ತ ಬಂದರೆ, ಮರುದಿನ ಅದರ ಹಿಂದೆಯೇ ಹೋಗಿ. ಶಾಲೆಗೆ ರಜೆ ಇರುವ ದಿನವಾದರೆ ಒಳ್ಳೆಯದು.

ಇನ್ನು ತಿನ್ನುವ ವಿಷಯ. ದೇಹ ಹಳದಿ ಭಂಡಾರ ತುಂಬಿಸುತ್ತಿದೆ, ಮೈತೂಕ ಏರುತ್ತಿದೆ, ಹೊಸ ಅಂಗಗಳು ಬೆಳೆಯುತ್ತಿವೆ. ಹಸಿವು ಹೆಚ್ಚದೆ ಇರುತ್ತದೆಯೇ? ಇದು ಬಿಡಿ, ಸುಲಭವಾಗಿ ಅರ್ಥವಾಗುತ್ತದೆ. ಹ್ಯಾಟೆ ಗೋಡೆಯ ಸುಣ್ಣ ಕುಕ್ಕುವುದನ್ನು ನೋಡಿದ್ದೀರಾ? ಬಸವನಹುಳುವಿನ ಖಾಲಿ ಚಿಪ್ಪು, ಸುಣ್ಣಕಲ್ಲಿನ ಚೂರು, ಎಲ್ಲೋ ಬಿದ್ದ ಮೊಟ್ಟೆಯ ಸಿಪ್ಪೆ ಇವುಗಳನ್ನು ಹುಡುಕಿ ತಿನ್ನುವುದನ್ನು? ಇದರ ಹಿಂದಿನ ಕತೆ ನಿಜಕ್ಕೂ ಸೊಗಸಾಗಿದೆ. ಸ್ವಲ್ಪ ನಿಧಾನವಾಗಿ ಓದಿ.

ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕೋಳಿಯ ಇಡೀ ಅಸ್ಥಿಪಂಜರದಲ್ಲಿರುವುದು ಸುಮಾರು 20 ಗ್ರಾಂ. ಅಂದರೆ ಒಂದು ಮೊಟ್ಟೆಗೆ ಮೂಳೆಗಳಲ್ಲಿರುವ ಒಟ್ಟು ಕ್ಯಾಲ್ಸಿಯಮ್ಮಿನ ಹತ್ತನೇ ಒಂದು ಭಾಗದಷ್ಟು ಬೇಕು! ಚಿಪ್ಪಿನ ಕೆಲಸ ಸುಮಾರು 20 ಗಂಟೆ ನಡೆಯುತ್ತದೆ, ಅದರಲ್ಲಿ ಹೆಚ್ಚಿನ ಭಾಗ ರಾತ್ರಿ. ರಾತ್ರಿ ಕೋಳಿ ಮೇಯುವುದಿಲ್ಲ. ಹಾಗಾದರೆ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಅದಕ್ಕಾಗಿ ಹ್ಯಾಟೆ ಮೊದಲೇ ಉಳಿತಾಯ ಮಾಡುತ್ತದೆ. ಮೊದಲ ಮೊಟ್ಟೆಗೆ ಸುಮಾರು ಎರಡು ವಾರ ಇರುವಾಗ ಅದರ ಕಾಲಿನ ಮೂಳೆಗಳ ಒಳಗಿನ ಟೊಳ್ಳಿನಲ್ಲಿ ಒಂದು ಹೊಸ ಬಗೆಯ ಮೂಳೆ ಬೆಳೆಯುತ್ತದೆ. ಇದು ಭಾರ ಹೊರುವ ಮೂಳೆಯಲ್ಲ, ಕ್ಯಾಲ್ಸಿಯಂ ಕೂಡಿಡುವ ಹುಂಡಿ. ಹಗಲಲ್ಲಿ ತುಂಬುತ್ತದೆ, ರಾತ್ರಿ ಚಿಪ್ಪಿಗಾಗಿ ಖರ್ಚಾಗುತ್ತದೆ. ಹುಂಜಗಳಲ್ಲಿ ಇದು ಇರುವುದಿಲ್ಲ. ಎಳೆಯ ಮರಿಗಳಲ್ಲೂ ಇರುವುದಿಲ್ಲ. ಗೋಡೆ ಕುಕ್ಕುವ ಹ್ಯಾಟೆ ಗೋಡೆ ಕೆಡಿಸಲು ಬಂದದ್ದಲ್ಲ, ಹುಂಡಿ ತುಂಬಿಸಲು ಬಂದದ್ದು.

ಈ ಹುಂಡಿಯೇ ಒಮ್ಮೆ ಡೈನೊಸಾರಿನ ಗುಟ್ಟನ್ನು ಬಿಚ್ಚಿಟ್ಟಿತು! ಅಮೆರಿಕದ ಮೊಂಟಾನಾ ಎಂಬಲ್ಲಿ ಸುಮಾರು 6.8 ಕೋಟಿ ವರ್ಷ ಹಳೆಯ ಟೈರನೊಸಾರಸ್ ರೆಕ್ಸ್ ಡೈನೊಸಾರಿನ ಪಳೆಯುಳಿಕೆ ಸಿಕ್ಕಿತ್ತು. ಹೆಲಿಕಾಪ್ಟರಿನಲ್ಲಿ ಒಯ್ಯಲು ತೀರಾ ದೊಡ್ಡದಾಗಿದ್ದರಿಂದ ಅದರ ತೊಡೆಮೂಳೆಯನ್ನು ಮುರಿಯಬೇಕಾಯಿತು. ಮುರಿದಾಗ ಉದುರಿದ ಚೂರುಗಳು ಮೇರಿ ಶ್ವೈಟ್ಜರ್ ಎಂಬ ವಿಜ್ಞಾನಿಯ ಕೈಗೆ ಹೋದವು. ಮೂಳೆಯ ಒಳಮೈಯಲ್ಲಿ ಅವರು ಒಂದು ವಿಶೇಷ ಪದರವನ್ನು ಕಂಡರು. ಅದನ್ನು ಉಷ್ಟ್ರಪಕ್ಷಿ ಮತ್ತು ಎಮು ಹಕ್ಕಿಗಳ ಮೂಳೆಯೊಂದಿಗೆ ಹೋಲಿಸಿದರು. ಮೊಟ್ಟೆಯ ಕಾಲದಲ್ಲಿ ಹೆಣ್ಣು ಹಕ್ಕಿಗಳ ಮೂಳೆಯಲ್ಲಿ ಕಾಣುವ ಹುಂಡಿಯಂತೆಯೇ ಅದು ಇತ್ತು. ಹಾಗಾದರೆ ಆ ಡೈನೊಸಾರ್ ಹೆಣ್ಣು, ಮೊಟ್ಟೆಯ ಕಾಲದಲ್ಲಿ ಸತ್ತದ್ದು ಎಂದು 2005ರಲ್ಲಿ ಅವರ ತಂಡ ಪ್ರಕಟಿಸಿತು. ಕೆಲವು ಮೂಳೆರೋಗಗಳಲ್ಲೂ ಇಂತಹ ಪದರ ಬರಬಹುದಲ್ಲ ಎಂದು ಬೇರೆ ವಿಜ್ಞಾನಿಗಳು ಪ್ರಶ್ನೆ ಎತ್ತಿದರು. 2016ರಲ್ಲಿ ರಾಸಾಯನಿಕ ಪರೀಕ್ಷೆ ನಡೆಸಿ ಶ್ವೈಟ್ಜರ್ ಅವರ ತಂಡ ಮತ್ತಷ್ಟು ಸಾಕ್ಷಿ ಒದಗಿಸಿತು. ನಿಮ್ಮ ಹಿತ್ತಿಲ ಹ್ಯಾಟೆಯ ಕಾಲಿನೊಳಗೆ ನಡೆಯುವ ಕೆಲಸ ಕೋಟಿಗಟ್ಟಲೆ ವರ್ಷಗಳಷ್ಟು ಹಳೆಯದು ಎಂದಾಯಿತಲ್ಲ!

ಇಲ್ಲಿ ಎರಡು ಎಚ್ಚರಿಕೆ. ಹ್ಯಾಟೆಗೆ ಕ್ಯಾಲ್ಸಿಯಂ ಬೇಕೆಂದು ವೀಳ್ಯದೆಲೆಗೆ ಹಚ್ಚುವ ಸುಣ್ಣವನ್ನು ತಿನ್ನಿಸಬೇಡಿ. ಅದು ಬಾಯಿ ಗಂಟಲನ್ನು ಸುಡುತ್ತದೆ. ಬಳಸಿದ ಮೊಟ್ಟೆಯ ಸಿಪ್ಪೆಯನ್ನು ತೊಳೆದು, ಕುದಿಸಿ, ಒಣಗಿಸಿ, ಪುಡಿಪುಡಿ ಮಾಡಿ ಒಂದು ಚಿಪ್ಪಿನಲ್ಲಿ ಬೇರೆಯಾಗಿ ಇಟ್ಟರೆ ಸಾಕು. ಬೇಕಾದಷ್ಟನ್ನು ಕೋಳಿಯೇ ತಿನ್ನುತ್ತದೆ. ಶಾಲೆಯ ಬಿಸಿಯೂಟದ ಜೊತೆ ಮೊಟ್ಟೆ ತಿನ್ನುವವರು ಅದರ ಸಿಪ್ಪೆಯನ್ನು ಅಡುಗೆಯವರನ್ನು ಕೇಳಿ ಪಡೆಯಬಹುದು. ಎರಡನೆಯದು, ಇದನ್ನು ಕಾಳಿನಲ್ಲಿ ಬೆರೆಸಿ ಎಳೆಯ ಮರಿಗಳಿಗೂ ತಿನ್ನಿಸಬೇಡಿ. ಅತಿಯಾದ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಬೇರೆ ಚಿಪ್ಪಿನಲ್ಲಿ ಇಡಿ ಎಂದದ್ದು ಇದಕ್ಕೇ.

ಸಂತೆಯಲ್ಲಿ ಅನುಭವಿಗಳು ಕೋಳಿ ಕೊಳ್ಳುವುದನ್ನು ಗಮನಿಸಿ. ಜುಟ್ಟು ನೋಡುತ್ತಾರೆ. ಕೋಳಿಯನ್ನು ಎತ್ತಿ ತೂಕ ನೋಡುತ್ತಾರೆ. ಆಮೇಲೆ ಬಾಲದ ಕೆಳಗೆ ಬೆರಳಿಟ್ಟು ಏನನ್ನೋ ಅಳೆಯುತ್ತಾರೆ. ಅವರು ಅಳೆಯುವುದು ಎರಡು ಮೂಳೆಗಳ ನಡುವಿನ ಅಂತರವನ್ನು. ಹಿಕ್ಕೆ ಹಾಕುವ ದ್ವಾರದ ಎರಡೂ ಪಕ್ಕದಲ್ಲಿ, ಚರ್ಮದ ಅಡಿಯಲ್ಲಿ, ತೆಳ್ಳನೆಯ ಕಡ್ಡಿಯಂತಹ ಎರಡು ಮೂಳೆಗಳ ತುದಿ ಕೈಗೆ ಸಿಗುತ್ತದೆ. ಎಳೆಯ ಹ್ಯಾಟೆಯಲ್ಲಿ ಇವುಗಳ ನಡುವೆ ಒಂದು ಬೆರಳು ಹಿಡಿಯುವುದೂ ಕಷ್ಟ. ಮೊಟ್ಟೆಯ ಕಾಲ ಬಂದಾಗ ಅವು ಅಗಲವಾಗಿ ಎರಡು ಬೆರಳು ಹಿಡಿಯುತ್ತವೆ. ಚೆನ್ನಾಗಿ ಮೊಟ್ಟೆ ಇಡುವ ಕೋಳಿಯಲ್ಲಿ ಎರಡು ಮೂರು ಬೆರಳಷ್ಟು ಅಂತರವಿರುತ್ತದೆ. ಮೊಟ್ಟೆ ಹೊರಗೆ ಬರಲು ದಾರಿ ಬೇಕಲ್ಲವೇ? ಹೊಟ್ಟೆಯ ಕೆಳಭಾಗವೂ ಮೆತ್ತಗಾಗಿರುತ್ತದೆ.

ಸಂತೆಯ ವ್ಯಾಪಾರದಲ್ಲಿ ನನಗೆ ಸರಿಕಾಣದ ಸಂಗತಿ ಇದು: ಕೊಳ್ಳುವವರಿಗೆ ಎರಡು ಬೆರಳಿನಲ್ಲಿ ತಿಳಿದದ್ದು ಆರು ತಿಂಗಳು ಸಾಕಿದವರಿಗೆ ತಿಳಿದಿರುವುದಿಲ್ಲ. ಮಾಂಸದ ಬೆಲೆಗೆ ಕೊಂಡವರು ಅದನ್ನು ಮನೆಗೆ ಒಯ್ದು ಮಂಕರಿಯಲ್ಲಿ ಕೂರಿಸಿದರೆ ಮುಂದಿನ ವಾರದಿಂದ ಮೊಟ್ಟೆ ಅವರದು. ನಾಟಿ ಕೋಳಿಯಾದರೆ ವರ್ಷಕ್ಕೆ ಸುಮಾರು ಐವತ್ತು ಅರವತ್ತು, ಗಿರಿರಾಜ ಆದರೆ ಅದರ ಎರಡರಷ್ಟು ಮೊಟ್ಟೆ. ಜೊತೆಗೆ ನಾಟಿ ಕೋಳಿ ಕಾವಿಗೆ ಕೂತು ಮರಿ ಮಾಡಿದರೆ ಆ ಮರಿಗಳೂ ಅವರವೇ. ಕೊಂಡವರು ಮೋಸ ಮಾಡಿದರು ಎನ್ನಲಾಗದು. ಅವರು ನೋಡಿದರು, ನಾವು ನೋಡಲಿಲ್ಲ. ಬಹಳ ಮನೆಗಳಲ್ಲಿ ಕೋಳಿಯ ದುಡ್ಡು ಅವ್ವನ ಕೈಯ ದುಡ್ಡು. ನಷ್ಟ ಆಗುವುದೂ ಅಲ್ಲಿಗೇ.

ನೀವೂ ಬೆರಳಿಟ್ಟು ನೋಡಬಹುದೇ? ನೋಡಬಹುದು, ಆದರೆ ಹಿರಿಯರ ಜೊತೆಯಲ್ಲಿ. ಒಬ್ಬರು ಕೋಳಿಯನ್ನು ಎದೆಗೆ ಒತ್ತಿ ಹಿಡಿದಿರಬೇಕು, ಇನ್ನೊಬ್ಬರು ಚರ್ಮದ ಮೇಲಿನಿಂದಲೇ ಮೆಲ್ಲಗೆ ಮುಟ್ಟಿ ನೋಡಬೇಕು. ಕೆಲವರು ಮೊಟ್ಟೆ ಇದೆಯೇ ಎಂದು ದ್ವಾರದ ಒಳಗೇ ಬೆರಳು ಹಾಕುತ್ತಾರೆ. ಈ ಪದ್ಧತಿ ನಿಲ್ಲಬೇಕು. ಒಳಗೆ ಗಾಯವಾಗಬಹುದು, ರೋಗಾಣು ಸೇರಬಹುದು, ಚಿಪ್ಪು ಒಡೆದರೆ ಕೋಳಿಯ ಪ್ರಾಣಕ್ಕೇ ಕುತ್ತು. ಹೊರಗಿನ ಸಾಕ್ಷಿಗಳೇ ಇಷ್ಟಿರುವಾಗ ಅದರ ಅಗತ್ಯವೂ ಇಲ್ಲ. ಕೋಳಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದನ್ನು ಮರೆಯಬೇಡಿ.

ಬೆಳಕಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಹ್ಯಾಟೆಯ ದೇಹಕ್ಕೆ ಕಾಲ ಬಂತೆಂದು ತಿಳಿಸುವುದರಲ್ಲಿ ಹಗಲಿನ ಉದ್ದಕ್ಕೂ ಪಾತ್ರವಿದೆ. 1930ರ ದಶಕದಲ್ಲಿ ಫ್ರಾನ್ಸಿನ ಝಾಕ್ ಬನ್ವಾ ಎಂಬ ವಿಜ್ಞಾನಿ ಬಾತುಗಳ ಮೇಲೆ ಪ್ರಯೋಗ ಮಾಡಿ ಒಂದು ಅಚ್ಚರಿಯನ್ನು ಕಂಡರು. ಕಣ್ಣು ಕಾಣದ ಬಾತುಗಳೂ ಬೆಳಕಿಗೆ ಸ್ಪಂದಿಸಿ ಸಂತಾನದ ಕಾಲಕ್ಕೆ ಸಿದ್ಧವಾಗುತ್ತಿದ್ದವು. ಬೆಳಕು ತಲೆಬುರುಡೆಯನ್ನು ಹಾಯ್ದು ನೇರವಾಗಿ ಮಿದುಳನ್ನೇ ತಲಪುತ್ತದೆ! ಕೋಳಿಯಲ್ಲೂ ಹೀಗೆಯೇ. ಮಿದುಳಿನಲ್ಲಿ ಬೆಳಕನ್ನು ಅರಿಯುವ ಜೀವಕೋಶಗಳಿವೆ. ಹಗಲು ಉದ್ದವಾದಾಗ ಅವು ಅಂಡಾಶಯವನ್ನು ಎಚ್ಚರಿಸುವ ಹಾರ್ಮೋನುಗಳಿಗೆ ಚಾಲನೆ ಕೊಡುತ್ತವೆ. ಆದರೆ "ಚಳಿಗಾಲದಲ್ಲಿ ಕೋಳಿ ಮೊಟ್ಟೆಗೆ ಬರುವುದೇ ಇಲ್ಲ, ದೀಪ ಹಾಕಿ" ಎಂದು ಹೊರದೇಶದ ಪುಸ್ತಕಗಳಲ್ಲಿ ಬರೆದದ್ದನ್ನು ಹಾಗೆಯೇ ನಂಬಬೇಡಿ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆ, ಜೂನಿನಲ್ಲಿ ಹದಿನಾರು ಗಂಟೆಗೂ ಹೆಚ್ಚು. ಬೆಂಗಳೂರಿನಲ್ಲಿ ಡಿಸೆಂಬರಿನಲ್ಲೂ ಹನ್ನೊಂದು ಗಂಟೆ ದಾಟುತ್ತದೆ, ಜೂನಿನಲ್ಲಿ ಹದಿಮೂರು ಗಂಟೆಯ ಹತ್ತಿರ. ನಮ್ಮಲ್ಲಿ ವ್ಯತ್ಯಾಸ ಕಡಿಮೆ. ಹಿತ್ತಿಲ ಹ್ಯಾಟೆ ತಡ ಮಾಡಿದರೆ ನಾನಂತೂ ಮೊದಲು ಮೇವನ್ನು ನೋಡುತ್ತೇನೆ, ಆಮೇಲೆ ಹೊಟ್ಟೆಯ ಜಂತುಹುಳುವನ್ನು, ಬೆಳಕನ್ನು ಕೊನೆಗೆ.

"ಇಷ್ಟೆಲ್ಲ ನೋಡಿಯೂ ಮೊಟ್ಟೆ ಇಡದಿದ್ದರೆ?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಒಂದೇ ಸಾಕ್ಷಿಯನ್ನು ನಂಬಿದರೆ ಹಾಗೆ ಆಗುತ್ತದೆ. ಕೆಲವು ತಳಿಗಳ ಜುಟ್ಟು ಬೇಗ ಕೆಂಪಾಗುತ್ತದೆ. ಕೆಲವು ಹ್ಯಾಟೆಗಳು ಕಾಲು ಮಡಚಿ ಕೂರುವುದೇ ಇಲ್ಲ. ಕೆಲವು ಹುಟ್ಟು ತುಂಟವಾದ್ದರಿಂದ ಮನೆಯೊಳಗೆ ನುಗ್ಗುತ್ತವೆ! ಆದರೆ ಜುಟ್ಟು ಕೆಂಪಾಗಿ, ಮೂಳೆಗಳು ಅಗಲವಾಗಿ, ಜಾಗ ಹುಡುಕುವುದೂ ಕಂಡರೆ ಅಂತಹ ಹ್ಯಾಟೆಯನ್ನು ಮಾರುವುದು ಅವಸರ. ಇದಕ್ಕೆ ಬದಲಾಗಿ ಎಂಟು ತಿಂಗಳು ಕಳೆದರೂ ಜುಟ್ಟು ಮಾಸಲಾಗಿಯೇ ಇದ್ದು, ಮೂಳೆಗಳು ಕೂಡಿಕೊಂಡೇ ಇದ್ದು, ಮೇವೂ ಚೆನ್ನಾಗಿದ್ದು, ಜಂತುಹುಳುವಿನ ಔಷಧಿಯನ್ನೂ ಕೊಟ್ಟಾಗಿದ್ದರೆ, ಮಾರಬೇಕೆನ್ನುವವರ ಮಾತಿಗೆ ನಾನು ಎದುರಾಡುವುದಿಲ್ಲ.

ಇಷ್ಟನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಕಷ್ಟ, ಬರೆದಿಡಬೇಕು. ಹಳೆಯ ನೋಟ್ ಪುಸ್ತಕದ ಹಿಂದಿನ ಹಾಳೆ ಸಾಕು. ಪ್ರತಿ ಹ್ಯಾಟೆಗೂ ಒಂದು ಹೆಸರಿಡಿ, ಇಲ್ಲವೇ ಕಾಲಿಗೆ ಬಣ್ಣದ ದಾರ ಸಡಿಲವಾಗಿ ಕಟ್ಟಿ. ಕಾಲು ಬೆಳೆದಂತೆ ದಾರ ಬಿಗಿಯಾಗದಂತೆ ಬದಲಿಸುತ್ತಿರಿ. ವಾರಕ್ಕೆ ಎರಡು ಸಲ ಜುಟ್ಟಿನ ಬಣ್ಣ ಬರೆಯಿರಿ. ಕೂರುವುದನ್ನು, ಜಾಗ ಹುಡುಕುವುದನ್ನು, ಸುಣ್ಣ ಕುಕ್ಕುವುದನ್ನು ಮೊದಲ ಸಲ ಕಂಡ ದಿನ ಬರೆಯಿರಿ. ಮೊದಲ ಮೊಟ್ಟೆ ಸಿಕ್ಕ ದಿನಕ್ಕೆ ಒಂದು ನಕ್ಷತ್ರ ಹಾಕಿ. ಕೆಂಪಾದ ದಿನದಿಂದ ನಕ್ಷತ್ರದ ದಿನಕ್ಕೆ ಎಷ್ಟು ದಿನ? ಐದಾರು ಹ್ಯಾಟೆಗಳ ಲೆಕ್ಕ ಸಿಕ್ಕರೆ ಸರಾಸರಿ ತೆಗೆಯಿರಿ, ಗಣಿತದ ಮೇಷ್ಟ್ರಿಗೂ ಸಂತೋಷವಾಗುತ್ತದೆ. ನಿಮ್ಮ ಊರಿನ ಕೋಳಿಗಳ ಮಟ್ಟಿಗೆ ಆ ಅಂಕಿ ಪುಸ್ತಕದ ಅಂಕಿಗಿಂತ ಹೆಚ್ಚು ಉಪಯೋಗದ್ದು. ಸಂತೆಯ ಹಿಂದಿನ ಸಂಜೆ ಅವ್ವನಿಗೋ ಅಪ್ಪನಿಗೋ ತೋರಿಸಲು ನಿಮ್ಮ ಕೈಯಲ್ಲಿ ಒಂದು ಹಾಳೆಯಾದರೂ ಇರುತ್ತದೆ. "ಹದಿನೈದು ದಿನ ತಡೀರಿ" ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕೂ ಹಾಳೆ ತೋರಿಸಿ ಹೇಳುವುದಕ್ಕೂ ವ್ಯತ್ಯಾಸವಿದೆ.

ಮೊದಲ ಮೊಟ್ಟೆ ಕಂಡಾಗ ಬೇಸರ ಮಾಡಿಕೊಳ್ಳಬೇಡಿ ಎಂದು ಈಗಲೇ ಹೇಳಿಬಿಡುತ್ತೇನೆ. ಅದು ಚಿಕ್ಕದಿರುತ್ತದೆ. ಕೆಲವೊಮ್ಮೆ ಚಿಪ್ಪೇ ಇಲ್ಲದೆ ಬರೀ ಪೊರೆಯ ಚೀಲದಂತಿರುತ್ತದೆ, ಕೆಲವೊಮ್ಮೆ ಒಡೆದರೆ ಒಳಗೆ ಎರಡು ಹಳದಿ, ಅಪರೂಪಕ್ಕೆ ಹಳದಿಯೇ ಇಲ್ಲ. ಹೊಸ ಯಂತ್ರ ಹದಕ್ಕೆ ಬರಲು ಸ್ವಲ್ಪ ದಿನ ಬೇಕಲ್ಲ, ಹಾಗೆ. ಕೆಲವು ವಾರಗಳಲ್ಲಿ ಗಾತ್ರ ಹೆಚ್ಚುತ್ತದೆ, ಚಿಪ್ಪು ಗಟ್ಟಿಯಾಗುತ್ತದೆ. ಮಂಕರಿಯಲ್ಲಿ ಮೊಟ್ಟೆ ಸಿಕ್ಕರೆ ಎಲ್ಲವನ್ನೂ ತೆಗೆಯದೆ ಒಂದನ್ನು ಗುರುತು ಹಾಕಿ ಅಲ್ಲಿಯೇ ಬಿಡಿ, ಕೆಲವು ದಿನಕ್ಕೊಮ್ಮೆ ಹೊಸದಿಟ್ಟು ಬದಲಿಸಿ. ಅದನ್ನು ಕಂಡ ಹ್ಯಾಟೆ ಮರುದಿನವೂ ಅಲ್ಲಿಗೇ ಬರುತ್ತದೆ.